ಭಾವನ ಗಿಟಾರಿನ ಗೀರುಗಳು

ಜೂನ್ ೩, ಸೋಮವಾರ, ಮಧ್ಯಾಹ್ನ

ಗಿಟಾರಿಗೆ ಲ್ಯಾಕರಿನ, ಅಂದರೆ ಮೆರುಗೆಣ್ಣೆಯ, ಎರಡನೇ ಕೋಟ್ ಹೊಡೆದು ಕೂತಿದ್ದೇನೆ. ಲ್ಯಾಕರ್ ಒಣಗುವವರೆಗೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಬೆರಳಚ್ಚು ಬೀಳುತ್ತೆ, ಮತ್ತೆ ಮೊದಲಿಂದ ಶುರು. ಈ ಡೈರಿ ಹುಟ್ಟಿದ್ದೇ ಅದಕ್ಕೆ. ನನ್ನ ಕೈ ಸುಮ್ಮನಿರುವ ಜಾತಿಯದಲ್ಲ.

ಬೆಳಿಗ್ಗೆ ಒಬ್ಬ ಗಿರಾಕಿ ಹೊಚ್ಚ ಹೊಸ ಗಿಟಾರ್ ತಂದು "ಮೇಡಂ, ಇದನ್ನ ಹಳೇದು ಮಾಡ್ಕೊಡಿ" ಅಂದ. ಅಂಚು ಸವೆಸಬೇಕಂತೆ, ಹಿಂದೆ ಬೆಲ್ಟ್ ಬಕಲ್ ಉಜ್ಜಿದ ಗುರುತು ಬೇಕಂತೆ. ಸ್ಟೇಜ್ ಹತ್ತಿಲ್ಲ ಪುಣ್ಯಾತ್ಮ, ಹತ್ತಿ ಇಳಿದ ಹಾಗೆ ಕಾಣಬೇಕು. ಅವನ ಹಿಂದೆಯೇ ಇನ್ನೊಬ್ಬರು — ಕೂದಲೆಳೆಯಷ್ಟು ಗೀರು, ಮುಖ ಮಾತ್ರ ಮಗು ಬಿದ್ದು ಹಲ್ಲು ಮುರಿದುಕೊಂಡ ಹಾಗೆ. ಒಬ್ಬರಿಗೆ ಗಾಯ ಬೇಕು, ಒಬ್ಬರಿಗೆ ಬೇಡ. ಎರಡರಿಂದಲೂ ನನ್ನ ಹೊಟ್ಟೆ ತುಂಬುತ್ತೆ.

ನಮ್ಮ ಗಿಟಾರ್ ರಿಪೇರಿ ಅಂಗಡಿಯ ಯಜಮಾನರದು ಒಂದೇ ನೀತಿ. ಗೀರು ನೋಡು, ಗಿರಾಕಿ ಮುಖ ನೋಡಬೇಡ. ಹೇಗಾಯಿತು ಅಂತ ಕೇಳಿದರೆ ಅರ್ಧ ಜನ ಸುಳ್ಳು ಹೇಳುತ್ತಾರೆ, ಇನ್ನರ್ಧ ಜನ ಹೆಂಡತಿ ಮೇಲೆ ಹಾಕುತ್ತಾರೆ ಅಂತಾರೆ.

ಹನ್ನೊಂದಕ್ಕೆ ಅಕ್ಕ ಬಂದಳು, ಆಸ್ಪತ್ರೆ ಡ್ಯೂಟಿ ಮುಗಿಸಿ ಸೀದಾ. ಭಾವನ ಗಿಟಾರ್ ಬ್ಯಾಗು ಹೆಗಲಲ್ಲಿ. ಬಂದವಳು ಮೊದಲು ನನ್ನ ತಲೆ ನೋಡಿದಳು.

"ಬಾಚಣಿಗೆ ಅನ್ನೋದು ಒಂದಿದೆ ಪುಟ್ಟಿ, ಕೇಳಿದ್ದೀಯಾ?"

"ಲ್ಯಾಕರ್ ಹೊಡೆಯೋಳಿಗೆ ಯಾಕಕ್ಕ ಅಲಂಕಾರ?"

ಅಲ್ಲೇ ನಿಂತು ಜಡೆ ಬಿಚ್ಚಿ ಹೆಣೆದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಮೂವತ್ತು ದಾಟಿದರೂ ಅವಳ ಕೈ ತಲೆ ಮೇಲೆ ಬಿದ್ದರೆ ಕಣ್ಣು ಎಳೆಯುತ್ತೆ.

ಗಿಟಾರ್ ಮುಂಭಾಗದಲ್ಲಿ ಗೀರುಗಳು. ಪಕ್ಕಪಕ್ಕ, ಸಣ್ಣವು, ಮೇಲಂಚಿನಿಂದ ಕೆಳಕ್ಕೆ ಇಳಿದಿವೆ. ಬ್ಯಾಗಿನ ಜಿಪ್ ಅಂದಳು ಅಕ್ಕ. ಜಿಪ್ಪಿನ ಗೀರು ಅಲೆಅಲೆಯಾಗಿರುತ್ತೆ, ಇದು ಬೀಗದ ಕೈ ಗೊಂಚಲು ಎಳೆದ ಹಾಗಿದೆ. ಇರಲಿ. ಹನಿಹನಿ ಲ್ಯಾಕರ್ ತುಂಬಿದ್ದೇನೆ.

"ಗೊತ್ತಾಗಲ್ಲ ತಾನೆ?" ಅಂತ ಹೋಗುವಾಗ ಕೇಳಿದಳು.

"ಹೆತ್ತ ಮರಕ್ಕೂ ಗೊತ್ತಾಗಲ್ಲ ಬಿಡು."

ಜೂನ್ ೧೧, ಮಂಗಳವಾರ

ಭಾವನ ಫೋನ್. ಗಿಟಾರ್ ಕನ್ನಡಿ ಹಾಗೆ ಹೊಳೀತಿದೆಯಂತೆ. "ಪಾಲಿಶ್ ಮೇಡಂ, ಒಂದಿನ ನನ್ನ ಮೂತಿಗೂ ಒಂದು ಕೈ ಹಚ್ಚಿ" ಅಂದರು. ನಿಮ್ಮದು ತಳದಿಂದ ಕೆರೆಯಬೇಕು, ಕಷ್ಟ ಅಂದೆ. ನಕ್ಕರು. ಹಿಂದೆ ಬಾಗಿಲ ಸದ್ದು ಕೇಳಿತು. ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಟ್ಟರು. ಮಾಡಲಿಲ್ಲ.

ಜುಲೈ ೨, ಮಂಗಳವಾರ, ಸಂಜೆ

ಮತ್ತೆ ಭಾವನ ಗಿಟಾರ್. ಈ ಸಲ ತಗ್ಗುಗಳು. ಮೊನಚಿಲ್ಲದ, ಭಾರವಾದ ಏನೋ ಬಡಿದಿದೆ. ಬಣ್ಣ ಚಕ್ಕೆ ಎದ್ದು ಮರ ಕಾಣುತ್ತಿದೆ.

"ಸ್ಟ್ಯಾಂಡಿಂದ ಬಿತ್ತು" ಅಂದಳು ಅಕ್ಕ.

ನಾನು ಟಾರ್ಚ್ ಅಡ್ಡ ಹಿಡಿದು ನೋಡಿದೆ. ಬಿದ್ದ ಗಿಟಾರ್ ಮೊದಲು ತಲೆ ಒಡೆದುಕೊಳ್ಳುತ್ತೆ, ಇಲ್ಲವೇ ಅಂಚು ಜಜ್ಜಿಸಿಕೊಳ್ಳುತ್ತೆ. ಇದರ ತಲೆಗೆ ಏನೂ ಆಗಿಲ್ಲ, ಅಂಚಿಗೂ ಆಗಿಲ್ಲ. ಇರುವುದೆಲ್ಲ ಎದೆ ಮೇಲೆ. ಯಜಮಾನರ ನೀತಿ ಗಿರಾಕಿಗೆ, ಅಕ್ಕನಿಗಲ್ಲ. ಕೇಳಿಬಿಟ್ಟೆ.

"ಭಾವ ಸಿಟ್ಟಲ್ಲಿ ಎಸೆದ್ರಾ?"

ಅಕ್ಕ ಬೆಂಚಿನ ಮೇಲಿನ ಸ್ಯಾಂಡ್‌ಪೇಪರ್ ತುಂಡುಗಳನ್ನು ಒಂದರ ಮೇಲೊಂದು ನೇರ ಜೋಡಿಸುತ್ತಾ ಇದ್ದಳು.

"ನಿನಗೇನಾದ್ರೂ ಮಾಡ್ತಾರಾ ಅಕ್ಕ? ನನ್ನ ಹತ್ರ ಮುಚ್ಚಿಡಬೇಡ."

ಅವಳ ಕಣ್ಣು ತುಂಬಿ ಬಂತು. "ಬಿಡು ಪುಟ್ಟಿ. ಎಲ್ಲರ ಮನೇಲೂ ಇರುತ್ತೆ. ನೀನು ಇದನ್ನ ಸರಿ ಮಾಡಿಬಿಡು, ಸಾಕು."

ನನ್ನ ಮೈಯೆಲ್ಲ ಉರಿಯಿತು. ಆ ನಗುಮುಖ, ಆ ಜೋಕು, ಆ ಪಾಲಿಶ್ ಮೇಡಂ! ಹೊರಗೆ ತಂಪು, ಒಳಗೆ ಕೆಂಡ. ನನ್ನ ಅಕ್ಕನ ಮೇಲೆ ಕೈ ಎತ್ತುವ ಮನುಷ್ಯನ ಗಿಟಾರಿಗೆ ನಾನು ಹೊಳಪು ಕೊಡುತ್ತಿದ್ದೇನೆ. ಕೊಡದಿದ್ದರೆ ಅಕ್ಕನಿಗೆ ಇನ್ನೂ ಏಟು. ಕೊಟ್ಟೆ.

ಜುಲೈ ೬, ಶನಿವಾರ

ಭಾವ ನುಡಿಸುವ ಹೋಟೆಲಿಗೆ ಹೋಗಿದ್ದೆ. ಬೇಕಂತಲೇ ಮುಂದಿನ ಟೇಬಲ್ ಹಿಡಿದೆ. ಸೆಖೆಗೆ ಡ್ರಮ್ಮರ್ ಬನಿಯನ್ನಲ್ಲಿ ಕೂತಿದ್ದ, ಭಾವ ಮಾತ್ರ ತುಂಬುತೋಳು ಅಂಗಿ, ಗುಂಡಿ ಹಾಕಿ, ಬೆವರು ಇಳಿಸುತ್ತಾ. ಶೋಕಿಗೇನೂ ಕಮ್ಮಿ ಇಲ್ಲ ಅಂದುಕೊಂಡೆ. ಬ್ರೇಕಿನಲ್ಲಿ ನನ್ನ ಹತ್ತಿರ ಬಂದರು. "ಏನು ಮೇಡಂ, ನಮ್ಮಂಥವರ ಸಂಗೀತಕ್ಕೆ ನೀವು?"

"ಗಿಟಾರ್ ನೋಡೋಕೆ ಬಂದೆ. ಅದು ಹೇಗಿದೆ ಅಂತ."

"ಅದು ನನಗಿಂತ ಚೆನ್ನಾಗಿದೆ" ಅಂದರು.

ಮುಖ ತಿರುಗಿಸಿದೆ. ಅವರು ಮತ್ತೆ ನುಡಿಸಲು ಹೋದರು.

ಆಗಸ್ಟ್ ೧೯, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಕೆಲಸ ರಾಶಿ. ಅಕ್ಕನೂ ಬಂದಿರಲಿಲ್ಲ. ಸರಿಹೋಗಿರಬೇಕು ಅಂತ ಸಮಾಧಾನ ಮಾಡಿಕೊಂಡಿದ್ದೆ.

ಇವತ್ತು ಬಂದಳು. ಬ್ಯಾಗು ಬಿಚ್ಚಿದರೆ ಸುಟ್ಟ ವಾಸನೆ. ಗಿಟಾರಿನ ಮೇಲ್ಭಾಗದಲ್ಲಿ ಲ್ಯಾಕರ್ ಬೊಬ್ಬೆ ಎದ್ದು ಕಂದು ತಿರುಗಿದೆ, ಅಂಗೈಗಿಂತ ದೊಡ್ಡದು. ತಿಳಿ ಹಸಿರು ಬಣ್ಣದ ಮೇಲೆ ನೋಡಲು ಅಸಹ್ಯ.

"ಬಿಸಿ ಪಾತ್ರೆ ಇಟ್ಟುಬಿಟ್ಟಿದ್ರು, ಮರೆವು" ಅಂದಳು. ಎಂದಿನ ಹಾಗೆ ತಲೆ ಸವರಿದಳು. ನನಗೊಂದು ಸ್ವೆಟರ್ ತಂದಿದ್ದಳು.

"ಇದು ಅಳಿಸೋಕಾಗುತ್ತಾ ಪುಟ್ಟಿ?"

"ಯಾರೂ ಆಗಲ್ಲ ಅಂತಾರೆ. ನಾನು ಮಾಡ್ತೀನಿ."

ನಿಜ ಹೇಳಬೇಕೆಂದರೆ, ಕೈ ಕಡಿಯುತ್ತಿತ್ತು. ಇಂಥ ಕೆಲಸ ಜನ್ಮಕ್ಕೊಂದು ಸಿಗುತ್ತೆ. ಪಾತ್ರೆ ಅಂದಳು, ಪಾತ್ರೆ ಅಂತಲೇ ಒಪ್ಪಿಕೊಂಡೆ. ಅವಳು ಬಾಗಿಲು ದಾಟುವ ಮೊದಲೇ ಯಾವ ಹಸಿರಿಗೆ ಎಷ್ಟು ಹಳದಿ ಬೆರೆಸಬೇಕು ಅಂತ ಲೆಕ್ಕ ಶುರುವಾಗಿತ್ತು.

ಆಗಸ್ಟ್ ೨೪, ಶನಿವಾರ

ಬಣ್ಣ ಹೊಂದುತ್ತಿಲ್ಲ. ಹಳೆಯ ಲ್ಯಾಕರ್ ವರ್ಷಗಟ್ಟಲೆ ಹಳದಿ ಕುಡಿದಿದೆ, ನನ್ನ ಹಸಿರು ಇನ್ನೂ ಹಾಲುಗಲ್ಲದ್ದು. ನಾಲ್ಕನೇ ಸಲ ಕೆರೆದೆ. ಯಜಮಾನರು ಇಣುಕಿ ನೋಡಿ "ಹುಚ್ಚು ಹಿಡಿದಿದೆ ನಿನಗೆ" ಅಂದು ಟೀ ಕಳಿಸಿದರು. ಹಿಡಿದಿದೆ.

ಸೆಪ್ಟೆಂಬರ್ ೧, ಭಾನುವಾರ

ಮುಗಿಯಿತು! ಟಾರ್ಚ್ ಅಡ್ಡ ಹಿಡಿದೆ, ಉದ್ದ ಹಿಡಿದೆ, ಕಿಟಕಿ ಬೆಳಕಿಗೆ ಒಡ್ಡಿದೆ. ಎಲ್ಲಿತ್ತು ಅಂತ ನಾನೇ ಹುಡುಕಬೇಕು. ಯಜಮಾನರು ಕನ್ನಡಕ ಏರಿಸಿ ನೋಡಿ ಮಾತೇ ಆಡಲಿಲ್ಲ. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ.

ಅಂಗಡಿಯ ಪೇಜಿನಲ್ಲಿ ಫೋಟೋ ಹಾಕಿದೆ, ರಿಪೇರಿಗೆ ಮೊದಲು ಮತ್ತು ನಂತರ. ನಮ್ಮ ಕಸುಬಿನವರೆಲ್ಲ ಹಾಕುತ್ತಾರೆ. ಹಾಕದಿದ್ದರೆ ಕೆಲಸ ಮಾಡಿದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ, ಚೆನ್ನಾಗಿ ಮಾಡಿದಷ್ಟೂ ಕಾಣದ ಕೆಲಸ ಇದು. ಯಾರ ಗಿಟಾರ್ ಅಂತ ಬರೆಯಲಿಲ್ಲ. "ಇದು ಯಾವುದರ ಗುರುತು? ಊಹಿಸಿ ನೋಡೋಣ!" ಅಂತ ತಮಾಷೆಗೆ ಬರೆದೆ.

ಸಂಜೆ ಅಕ್ಕ ಬಂದು ಗಿಟಾರ್ ಒಯ್ದಳು. ಬೆರಳಿನಿಂದ ಆ ಜಾಗ ಮುಟ್ಟಿ ನೋಡಿ ನನ್ನ ಕೆನ್ನೆ ಹಿಂಡಿದಳು. "ನಮ್ಮ ಪುಟ್ಟಿ ಕೈಲಿ ಜಾದೂ ಇದೆ."

ಸೆಪ್ಟೆಂಬರ್ ೨, ಸೋಮವಾರ, ಬೆಳಿಗ್ಗೆ



ಪೋಸ್ಟ್ ಕೆಳಗೆ ನೂರೆಂಟು ಕಾಮೆಂಟು. ಬಾಣಲೆ, ಹೀಟರು, ಸಿಗರೇಟು, ಮಾಜಿ ಪ್ರೇಯಸಿ. ಭಾವನ ಬ್ಯಾಂಡಿನ ಡ್ರಮ್ಮರ್ ಬರೆದಿದ್ದಾನೆ: "ಯಾರೋ ಗಿಟಾರಿಗೆ ಇಸ್ತ್ರಿ ಹಾಕಿದ್ದಾರೆ ಕಣ್ರಪ್ಪಾ!" ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದಾರೆ.

ನಾನೂ ನಕ್ಕೆ. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದೆ.

ಇಸ್ತ್ರಿ ಪೆಟ್ಟಿಗೆ. ಸಂಶಯವೇ ಇಲ್ಲ. ಹಿಂಬದಿ ನೇರ, ಪಕ್ಕಗಳು ದೋಣಿಯ ಹಾಗೆ ಬಾಗಿ ಮುಂದಕ್ಕೆ ಕೂಡಿಕೊಳ್ಳುತ್ತಿವೆ. ಆದರೆ ಕೂಡುವುದಿಲ್ಲ. ತುದಿ ಇಲ್ಲ. ಗುರುತು ಗಿಟಾರಿನ ಮೇಲಂಚಿಗೆ ಬಂದು ಕತ್ತರಿಸಿದ ಹಾಗೆ ನಿಂತಿದೆ. ಅಲ್ಲಿ ಮರ ಇಳಿಜಾರಾಗಿದೆ. ನುಡಿಸುವವನ ಮುಂಗೈ ಒರಗಲಿ ಅಂತಲೇ ಮಾಡುವ ಇಳಿಜಾರು ಅದು.

ತುದಿ ಎಲ್ಲಿ ಬಿತ್ತು?

ಹದಿನೈದು ದಿನ ಆ ಜಾಗದ ಮೇಲೆ ಬಗ್ಗಿ ಕೂತಿದ್ದೆ. ಬಣ್ಣ ನೋಡಿದೆ, ಬೊಬ್ಬೆ ನೋಡಿದೆ, ಆಕಾರ ನೋಡಲಿಲ್ಲ. ಗೀರು ಕಂಡರೆ ಅಳಿಸುವುದೊಂದೇ ನನಗೆ ಗೊತ್ತು. ಕಣ್ಣಿದ್ದೂ ಕುರುಡಿ.

ಈಗ ರಿಪೇರಿಗೆ ಮೊದಲು ತೆಗೆದಿಟ್ಟಿದ್ದ ಹಳೆಯ ಫೋಟೋಗಳನ್ನೆಲ್ಲ ಹರಡಿಕೊಂಡಿದ್ದೇನೆ. ಜೂನಿನ ಗೀರು, ಜುಲೈನ ತಗ್ಗು. ಎಲ್ಲವೂ ಮುಂಭಾಗದಲ್ಲಿ, ಎಲ್ಲವೂ ಮೇಲಿಂದ ಕೆಳಕ್ಕೆ. ಎಸೆದದ್ದಲ್ಲ, ಬಿದ್ದದ್ದೂ ಅಲ್ಲ. ಗಿಟಾರ್ ಯಾರದೋ ಕೊರಳಲ್ಲಿದ್ದಾಗ ಎದುರಿಗಿದ್ದವರು ಹೊಡೆದದ್ದು. ಆ ಮನೆಯಲ್ಲಿ ಗಿಟಾರ್ ಕೊರಳಿಗೆ ಹಾಕಿಕೊಳ್ಳುವುದು ಒಬ್ಬರೇ.

ಎದುರಿಗೆ ನಿಲ್ಲುವುದೂ ಒಬ್ಬರೇ.

ಇಲ್ಲ ಅಂತ ಬರೆಯೋಣ ಅಂದುಕೊಂಡೆ. ಬರೆಯಲಾಗಲಿಲ್ಲ. ಅಮ್ಮ ಹೇಳುತ್ತಿದ್ದಳು, ದೊಡ್ಡವಳಿಗೆ ಮೂಗಿನ ತುದಿಯಲ್ಲೇ ಕೋಪ ಅಂತ. ಹೇಳಿ ನಗುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು.

ಪೋಸ್ಟ್ ಅಳಿಸಿದೆ. ಅಳಿಸುವ ಮೊದಲು ಯಾರು ಯಾರು ನೋಡಿದ್ದಾರೆ ಅಂತ ಕಣ್ಣಾಡಿಸಿದೆ. ಡ್ರಮ್ಮರಿನ ಆ ಕಾಮೆಂಟಿಗೆ ಅಕ್ಕ ಲೈಕ್ ಒತ್ತಿದ್ದಳು.

ಸೆಪ್ಟೆಂಬರ್ ೩, ಮಂಗಳವಾರ

ಸಂಜೆ ಹೋಟೆಲಿನ ಹಿಂಬಾಗಿಲಲ್ಲಿ ಭಾವನನ್ನು ಹಿಡಿದೆ. ಕುರ್ಚಿ ಪೇರಿಸಿಟ್ಟ ಓಣಿ. ಕೊರಳಲ್ಲಿ ಗಿಟಾರ್ ಇತ್ತು.

"ಅಂಗಿ ತೋಳು ಮಡಚಿ ಭಾವ."

"ಏನ್ ಮೇಡಂ, ಇದೇನು ಪೊಲೀಸ್ ಥರ..."

"ಮಡಚಿ."

ನನ್ನ ಮುಖ ನೋಡಿದರು. ಗುಂಡಿ ಬಿಚ್ಚಿದರು. ತುದಿ ಅಲ್ಲಿತ್ತು. ಮುಂಗೈ ಮೇಲೆ, ನಯವಾಗಿ ಡ್ರೆಸ್ಸಿಂಗ್ ಮಾಡಿ ಮಾಯುತ್ತಾ ಬಂದಿತ್ತು. ಅದರ ಸುತ್ತ ಬೇರೆ ಗುರುತುಗಳೂ ಇದ್ದವು. ಅವನ್ನು ಯಾರೂ ಪಾಲಿಶ್ ಮಾಡಿರಲಿಲ್ಲ.

ಒಂದು ಕುರ್ಚಿ ಎಳೆದುಕೊಂಡು ಕೂತು ಅತ್ತುಬಿಟ್ಟೆ. ಅವರೇ ನನ್ನನ್ನು ಸಮಾಧಾನ ಮಾಡಿದರು, ನಾಚಿಕೆಗೇಡು.

"ಯಾಕೆ ಯಾರಿಗೂ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ನನ್ನ ಹೆಂಡ್ತಿ ನನ್ನ ಹೊಡೀತಾಳೆ ಅಂದ್ರೆ ನಮ್ಮ ಡ್ರಮ್ಮರ್ ಅದಕ್ಕೂ ಒಂದು ತಾಳ ಹಾಕ್ತಾನೆ." ನಕ್ಕರು. "ಒರಳಲ್ಲಿ ತಲೆ ಇಟ್ಟಾಗಿದೆ. ಒನಕೆ ಪೆಟ್ಟಿಗೆ ಹೆದರಿದ್ರೆ ಆಗುತ್ತಾ?"

"ಇದು ನಗೋ ವಿಷಯ ಅಲ್ಲ ಭಾವ."

"ಆಮೇಲೆ ಅವಳೇ ಅಳ್ತಾಳೆ. ಮುಲಾಮು ಹಚ್ಚೋದೂ ಅವಳೇ. ನರ್ಸ್ ಅಲ್ವಾ, ಕೈ ಬಲು ಮೆತ್ತಗೆ." ಗಿಟಾರಿನ ಮೇಲೆ ಅಂಗೈ ಇಟ್ಟರು. "ಡ್ಯೂಟಿ ಮುಗಿಸಿ ಅವಳು ಬರೋ ಹೊತ್ತಿಗೆ ಇದನ್ನ ಹಾಕ್ಕೊಂಡು ಪ್ರಾಕ್ಟೀಸಿಗೆ ನಿಂತಿರ್ತೀನಿ. ಎದೆಗೆ ಅಡ್ಡ ಒಂದು ಹಲಗೆ ಇದ್ದ ಹಾಗೆ. ಪಾಪ, ನನಗೆ ಬೀಳೋದು ಇದಕ್ಕೆ ಬೀಳುತ್ತೆ."

ಪಾಪ ಅಂದದ್ದು ಗಿಟಾರಿಗೆ.

ಇವತ್ತೇ ನನ್ನ ರೂಮಿಗೆ ಬನ್ನಿ ಅಂದೆ. ಅಂಗಡಿ ಮಹಡಿ ಮೇಲೆ ಖಾಲಿ ಜಾಗವಿದೆ ಅಂದೆ. ನೋಡೋಣ, ನೋಡೋಣ ಅಂದರು. "ನಿಮ್ಮ ಹತ್ರ ಹೇಳಿದ್ದು ಅವಳಿಗೆ ಗೊತ್ತಾಗಬಾರದು ಮೇಡಂ. ಅದೊಂದು ನಡೆಸ್ಕೊಡಿ." ಒಳಗಿಂದ ಡ್ರಮ್ಮರ್ ಕೂಗಿದ. ತೋಳು ಇಳಿಸಿ ಗುಂಡಿ ಹಾಕಿಕೊಂಡು ಹೋದರು. ಅಲ್ಲೇ ನಿಂತು ಕೇಳಿದೆ. ಚೆನ್ನಾಗಿ ನುಡಿಸುತ್ತಾರೆ.

ಪ್ರತಿ ಸಲ ನಾನು ಆ ಗಿಟಾರನ್ನು ಹೊಸದು ಮಾಡಿ ಕೊಟ್ಟೆ. ಅಕ್ಕನ ಪಾಲಿಗೆ ಏನೂ ಆಗಿಯೇ ಇರಲಿಲ್ಲ.

ಸೆಪ್ಟೆಂಬರ್ ೫, ಗುರುವಾರ

ಅಕ್ಕನ ಫೋನ್.

"ಯಾಕೆ ಪುಟ್ಟಿ ಆ ಫೋಟೋ ತೆಗೆದೆ? ಎಷ್ಟು ಚೆನ್ನಾಗಿತ್ತು."

"ಯಜಮಾನರು ತೆಗಿ ಅಂದ್ರು."

"ಹೌದಾ." ಆ ಕಡೆ ನೀರು ಬಿಟ್ಟ ಸದ್ದು, ಪಾತ್ರೆ ತೊಳೆಯುತ್ತಿದ್ದಳೇನೋ. "ಆ ಡ್ರಮ್ಮರ್ ತಮಾಷೆ ಮನುಷ್ಯ. ಇಸ್ತ್ರಿ ಅಂತೆ! ಅವನ ತಲೆಗೆ ಹೇಗೆ ಬಂತೋ. ನಿಮ್ಮ ಭಾವ ಅವನ ಹತ್ರ ಏನಾದ್ರೂ ಹೇಳಿರಬಹುದಾ?"

"ಇಲ್ಲಪ್ಪ. ಅವರು ಯಾರ ಹತ್ರಾನೂ ಏನೂ ಹೇಳಿಲ್ಲ."

ಹೇಳಿದ ಮೇಲೆ ಗೊತ್ತಾಯಿತು. ಯಾರ ಹತ್ತಿರವೂ ಹೇಳಿಲ್ಲ ಅಂತ ನನಗೆ ಹೇಗೆ ಗೊತ್ತು? ನೀರಿನ ಸದ್ದು ನಿಂತಿತು.

"ಸರಿ ಪುಟ್ಟಿ" ಅಂದಳು. "ಊಟ ಮಾಡಿದ್ಯಾ? ಹೊತ್ತಿಗೆ ಸರಿಯಾಗಿ ತಿನ್ನು."

ಆ "ಸರಿ" ನನಗೆ ಚಿಕ್ಕಂದಿನಿಂದ ಗೊತ್ತು. ಕೂಗಾಡುವ ಕೋಪಕ್ಕೆ ಹೆದರಿಕೆ ಇಲ್ಲ. ಅದು ಬಂದು ಹೋಗುತ್ತೆ. "ಸರಿ" ಅಂದರೆ ತಡೆದು ಇಟ್ಟುಕೊಂಡಿದ್ದಾಳೆ ಅಂತ ಅರ್ಥ.

ಕೇಳಬಹುದಿತ್ತು, ಅಕ್ಕ ನೀನು ಏನು ಮಾಡ್ತಾ ಇದ್ದೀಯ ಅಂತ.  ಊಟ ಆಯ್ತಕ್ಕ ಅಂದೆ.

ಸೆಪ್ಟೆಂಬರ್ ೯, ಸೋಮವಾರ

ಭಾವ ಫೋನ್ ಎತ್ತುತ್ತಿಲ್ಲ. ಮೆಸೇಜಿಗೆ ಉತ್ತರ ಬಂತು: "ಆರಾಮಿದ್ದೇನೆ. ಜ್ವರ." ಡ್ರಮ್ಮರಿಗೆ ಕೇಳಿದೆ. ಶುಕ್ರವಾರದಿಂದ ಬಂದಿಲ್ಲವಂತೆ, ಅತ್ತಿಗೆ ಫೋನ್ ಮಾಡಿ ರಜ ಹೇಳಿದರಂತೆ. "ಅತ್ತಿಗೆ ಇದ್ದಾರಲ್ಲ, ಮನೇಲೇ ನರ್ಸು, ಅದೃಷ್ಟವಂತ" ಅಂದ.

ಯಜಮಾನರ ಹತ್ತಿರ ಬಾಯಿ ಬಿಟ್ಟೆ, ಅರ್ಧಂಬರ್ಧ. ಯಾರು ಯಾರಿಗೆ ಅಂತ ಹೇಳಲಿಲ್ಲ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ನಡುವೆ ಹೋದವರಿಗೆ ಎರಡೂ ಕಡೆ ಏಟು" ಅಂದರು.

ನಾಳೆ ಅಕ್ಕನ ಮನೆಗೆ ಹೋಗುತ್ತೇನೆ. ನಾಳೆ ಖಂಡಿತ.

ಸೆಪ್ಟೆಂಬರ್ ೧೬, ಸೋಮವಾರ, ಸಂಜೆ

ಹೋಗಲಿಲ್ಲ. ಒಂದು ವಾರ ಏನೇನೋ ನೆಪ. ಕೆಲಸ ಇತ್ತು, ತಲೆನೋವು ಇತ್ತು. ಹೆದರಿದ್ದೆ ಅಂತ ಬರೆದರೆ ಸಾಕು.

ಐದು ಗಂಟೆಗೆ ಅಕ್ಕ ಬಂದಳು. ಹೊಸ ಸೀರೆ. ಗಿಟಾರ್ ಬ್ಯಾಗನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟಳು.

"ಏನಾಗಿದೆ ಇದಕ್ಕೆ?"

"ಏನೂ ಆಗಿಲ್ಲ. ಮನೇಲಿದ್ರೆ ಸುಮ್ನೆ ಹಾಳಾಗುತ್ತೆ ಪುಟ್ಟಿ. ನಿನ್ನ ಹತ್ರಾನೇ ಇರಲಿ."

"ಭಾವನಿಗೆ ಬೇಡ್ವಾ?"

"ಅವರಿಗೆ ಇನ್ನು ಬೇಡವಂತೆ."

ಭಾವ ಹೇಗಿದ್ದಾರೆ ಅಂದೆ. ಮಲಗಿದ್ದಾರೆ ಅಂದಳು. ನನ್ನ ಜಡೆ ಮುಟ್ಟಲು ಕೈ ಚಾಚಿದಳು. ನಾನು ಹಿಂದೆ ಸರಿದೆ. ಬೇಕಂತ ಸರಿಯಲಿಲ್ಲ, ಮೈ ತಾನಾಗಿ ಸರಿಯಿತು. ಅಕ್ಕ ಕೈಯನ್ನು ಹಾಗೇ ಗಾಳಿಯಲ್ಲಿ ಇಟ್ಟುಕೊಂಡು ನನ್ನನ್ನು ನೋಡಿದಳು. ಆಮೇಲೆ "ಸರಿ" ಅಂದು ಹೋದಳು.

ಬ್ಯಾಗು ಬಿಚ್ಚಿದೆ. ಅಭ್ಯಾಸಬಲ, ಟಾರ್ಚ್ ಕೈಗೆ ಬಂತು. ಮುಂದೆ ನೋಡಿದೆ, ಹಿಂದೆ ನೋಡಿದೆ, ಅಂಚು, ತಲೆ, ಇಳಿಜಾರು. ಒಂದು ಗೀರೂ ಇಲ್ಲ. ನಾನು ಒಂದನೇ ತಾರೀಖು ಕೊಟ್ಟ ಹೊಳಪು ಕೊಟ್ಟ ಹಾಗೆಯೇ ಇದೆ. ಅಬ್ಬ, ಏನೂ ಆಗಿಲ್ಲ ಅಂತ ಉಸಿರು ಬಿಟ್ಟೆ. ದೇವರಾಣೆ, ಒಂದು ಕ್ಷಣ ಖುಷಿಯಾಯಿತು.

ಆಮೇಲೆ ದಿನ ಎಣಿಸಿದೆ. ಹದಿನೈದು ದಿನ ಇದಕ್ಕೆ ಒಂದು ಏಟೂ ಬಿದ್ದಿಲ್ಲ. ಆರನೇ ತಾರೀಖಿನ ಶುಕ್ರವಾರದಿಂದ ಅವರು ಮನೆ ಬಿಟ್ಟು ಹೊರಗೆ ಬಂದಿಲ್ಲ. ಅವಳು "ಸರಿ" ಅಂದದ್ದು ಅದರ ಹಿಂದಿನ ದಿನ. ಇದನ್ನು ಕೊರಳಿಗೆ ಹಾಕಿಕೊಳ್ಳಲು ಅವಳು ಬಿಟ್ಟಿಲ್ಲ. ಇದಕ್ಕೆ ಬೀಳದೇ ಇದ್ದದ್ದೆಲ್ಲ ಎಲ್ಲಿ ಬಿತ್ತು?

ಭಾವನ ಫೋನ್ ಸ್ವಿಚ್ಡ್ ಆಫ್.

ಪೊಲೀಸರಿಗೆ ಫೋನ್ ಮಾಡಿದೆ. ವಿಳಾಸ ಕೊಟ್ಟೆ. "ಹೊಡೆಯೋನು ಗಂಡನಾ?" ಅಂದರು. ಅಲ್ಲ, ಹೆಂಡತಿ ಅಂದೆ. ಆ ಕಡೆ ಯಾರಿಗೋ ಹೇಳಿ ನಕ್ಕ ಸದ್ದು. "ನೀವು ಯಾರಮ್ಮ? ಅವರು ನಿಮಗೆ ಏನಾಗಬೇಕು?" ಅಕ್ಕ ಅಂದೆ, ನನ್ನ ಒಡಹುಟ್ಟಿದ ಅಕ್ಕ, ನನ್ನನ್ನು ಸಾಕಿದವಳು. ನಗು ನಿಂತಿತು. ಗಾಡಿ ಕಳಿಸ್ತೀವಿ, ನೀವು ಒಬ್ಬರೇ ಹೋಗಬೇಡಿ ಅಂದರು.

ಹೋಗುತ್ತೇನೆ. ಟ್ಯಾಕ್ಸಿ ಬರುತ್ತಿದೆ. ಬಾಗಿಲಲ್ಲಿ ನಿಂತು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಕೈ ನಿಲ್ಲುವುದಿಲ್ಲ. ಯಜಮಾನರು ಜೊತೆಗೆ ಬರುತ್ತೇನೆ ಅಂತ ಷಟರ್ ಎಳೆಯುತ್ತಿದ್ದಾರೆ.

ಈಗ ಅಕ್ಕ ಫೋನ್ ಮಾಡಿದಳು. ಅಳುತ್ತಿದ್ದಳು. ಚಿಕ್ಕ ಹುಡುಗಿಯ ಹಾಗೆ, ಬಿಕ್ಕಿ ಬಿಕ್ಕಿ. "ಪುಟ್ಟಿ, ಬೇಗ ಬಾ. ನೀನೇ ಬರಬೇಕು. ನೀನು ಬಂದು ಸರಿ ಮಾಡು."

ಭಾವನಿಗೆ ಫೋನ್ ಕೊಡು ಅಂದೆ. ಕೊಡು ಅಕ್ಕ, ಒಂದು ಮಾತು ಆಡಲಿ ಅಂದೆ. ಅದಕ್ಕೆ ಅವಳು "ಎಷ್ಟು ಎಬ್ಬಿಸಿದ್ರೂ ಏಳ್ತಿಲ್ಲ ಪುಟ್ಟಿ" ಅಂದಳು.